ನುಗ್ಗೆ ಸೊಪ್ಪು ಬಾಡುವ ಮೊದಲು

ಹೋದ ವಾರ ಜೆ.ಪಿ. ನಗರದ ಆ ಕಡೆ ಒಂದು ಮನೆಯ ಮೋಟರು ರಿಪೇರಿ ಮುಗಿಸಿಕೊಂಡು ಬರುತ್ತಿದ್ದೆ. ನಮ್ಮ ಹಳೇ ಲೇಔಟಿನ ಐದನೇ ಕ್ರಾಸು ದಾಟುವಾಗ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ಗಾಡಿ ನಿಲ್ಲಿಸಿದೆ. ಬೇರೆಯವರಿಗೆ ಅದು ಶುಚಿಯ ವಾಸನೆ, ನನಗೆ ಹಾಗಲ್ಲ. ಚರಂಡಿಯ ಅಂಚಿಗೆ ಬಿಳಿ ಪುಡಿ ಎರಚಿದ್ದಾರೆ ಅಂದರೆ ಅಲ್ಲಿ ಏನೋ ಆಗಿದೆ. ಆ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇದೆಯಾ ಅಂತ ನಾನು ನಿಂತು ಮೂಸುತ್ತೇನೆ. ಮೂಸಿದೆ. ಆ ಬೇಸಿಗೆ ಪೂರ್ತಿ ವಾಪಸ್ಸು ಬಂತು.

ಆಗ ಈ ಲೇಔಟಿಗೆ ನೀರು ಬಿಡುತ್ತಿದ್ದವನು ನಾನು. ವಾಲ್ವ್ ಮುನಿಯಣ್ಣ ಅಂದರೆ ಎಂಟು ಕ್ರಾಸಿಗೂ ಗೊತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ಇಂಜಿನಿಯರುಗಳು ನಕ್ಷೆ ಹಿಡಿದು ಬಂದು, ಅದನ್ನು ಉಲ್ಟಾ ಸೀದಾ ತಿರುಗಿಸಿ ನೋಡಿ, ಕೊನೆಗೆ "ಮುನಿಯಣ್ಣ, ಪೈಪ್ ಎಲ್ಲಿ ಹೋಗಿದೆ?" ಅಂತ ಕೇಳುತ್ತಿದ್ದದ್ದು ನನ್ನನ್ನೇ. ಕಾಲಿನ ಕೆಳಗೆ ಯಾವ ಪೈಪು, ಯಾವ ಜಾಯಿಂಟು, ಯಾವ ವಾಲ್ವ್ ಎಷ್ಟು ಸುತ್ತಿಗೆ ತೆರೆಯುತ್ತದೆ, ಎಲ್ಲ ನನ್ನ ತೋಳಿಗೆ ಗೊತ್ತಿತ್ತು. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಸೈಕಲ್ಲಿನಲ್ಲಿ ಬರುತ್ತಿದ್ದರೆ ಮಹಡಿಯ ಮೇಲಿನ ಮೇಡಂಗಳೂ ನಮಸ್ಕಾರ ಹೇಳುತ್ತಿದ್ದರು. ಜಂಬ ಇತ್ತು. ಇಲ್ಲ ಅನ್ನುವುದಿಲ್ಲ.

ಈ ಕೆಲಸ ನಮ್ಮ ಮನೆಗೆ ಹೊಸದಲ್ಲ. ಇಲ್ಲೆಲ್ಲ ರಾಗಿ ಹೊಲ, ಕೆರೆ ಕೆಳಗಿನ ಗದ್ದೆ ಇದ್ದ ಕಾಲದಲ್ಲಿ ಅಪ್ಪ ಈ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹೇಳುವುದು ಅವನ ಕೆಲಸ. ತೂಬು ಎತ್ತಿದ ಸುದ್ದಿ ಕೆಳಗದ್ದೆಯವರಿಗೆ ಮುಟ್ಟಬೇಕಲ್ಲ. ಅಪ್ಪ ಗದ್ದೆ ಗದ್ದೆಗೂ ಓಡುತ್ತಿರಲಿಲ್ಲ. ಕೆರೆ ಏರಿಯ ಪಕ್ಕದ ನುಗ್ಗೆ ಮರದಿಂದ ಒಂದು ಕಡ್ಡಿ ಮುರಿದು, ದಾರಿಯಲ್ಲಿ ಹೋಗುವವನ ಕೈಗೆ ಕೊಟ್ಟು, "ನೀರು ಬಿಟ್ಟಿದೀನಿ ಅಂತ ಕೆಳಕ್ಕೆ ಹೇಳು" ಅನ್ನುತ್ತಿದ್ದ. ಅವನು ಇನ್ನೊಬ್ಬನಿಗೆ, ಇನ್ನೊಬ್ಬ ಮತ್ತೊಬ್ಬನಿಗೆ. ಮಾತಿನ ಜೊತೆ ಕಡ್ಡಿಯೂ ಕೈ ಬದಲಾಯಿಸಬೇಕು. ನುಗ್ಗೆ ಸೊಪ್ಪು ಬಿಸಿಲಿಗೆ ತಡೆಯುವುದಿಲ್ಲ, ಸ್ವಲ್ಪ ಹೊತ್ತಿಗೇ ಜೋತು ಬೀಳುತ್ತದೆ. ಹಾಗಾಗಿ ಕೊನೆಯವನು ಮಾತು ಕೇಳುವ ಮುಂಚೆ ಸೊಪ್ಪು ನೋಡುತ್ತಿದ್ದ. ಸೊಪ್ಪು ನೆಟ್ಟಗಿದ್ದರೆ ಗುದ್ದಲಿ ಎತ್ತುತ್ತಿದ್ದ. ಬಾಡಿದ್ದರೆ ನಂಬುತ್ತಿರಲಿಲ್ಲ, ತಾನೇ ತೂಬಿನವರೆಗೆ ನಡೆದು ಬಂದು ಕೇಳುತ್ತಿದ್ದ. ಹಾಗೆ ಬಂದು ಕೇಳಿದವರಿಗೆಲ್ಲ ಅಪ್ಪ ಬೇಸರವಿಲ್ಲದೆ ಮತ್ತೆ ಹೇಳುತ್ತಿದ್ದ, ದಿನಕ್ಕೆ ಎಷ್ಟು ಸಲವಾದರೂ.

ಕಡ್ಡಿಯ ಕತೆ ನನಗೆ ಚೆನ್ನಾಗಿ ನೆನಪಿತ್ತು, ಟೀ ಅಂಗಡಿಯಲ್ಲಿ ತಮಾಷೆಗೆ ಹೇಳುತ್ತಲೂ ಇದ್ದೆ. ಅಪ್ಪ ಮತ್ತೆ ಮತ್ತೆ ಹೇಳುತ್ತಿದ್ದದ್ದು ಮಾತ್ರ ಮರೆತುಹೋಗಿತ್ತು.

ನನ್ನ ಪದ್ಧತಿ ಬೇರೆ. ನಾನು ಒಂದೇ ಸಲ ಹೇಳುವವನು. ಬೆಳಗ್ಗೆ ಐದನೇ ಕ್ರಾಸಿನ ಮೂಲೆಯ ಹೊಂಗೆ ಮರದ ಕೆಳಗೆ ಸೈಕಲ್ ನಿಲ್ಲಿಸಿ ಆ ದಿನದ ಸುದ್ದಿ ಹೇಳಿದರೆ ಮುಗಿಯಿತು. ಅಲ್ಲಿ ಮೂರು ಜನ ಯಾವಾಗಲೂ ಇರುತ್ತಿದ್ದರು. ಕಲ್ಲಿನ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ರಂಗಮ್ಮ. ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವ ಸೆಲ್ವ. ವಾಕಿಂಗ್ ಮುಗಿಸಿ ಬರುವ ಶ್ಯಾಮರಾವ್ ಸಾರ್, ಬ್ಯಾಂಕಿನಿಂದ ರಿಟೈರಾದವರು, ನಿವಾಸಿಗಳ ಸಂಘದ ಕಾರ್ಯದರ್ಶಿ. ರಂಗಮ್ಮನ ಬಾಯಿಂದ ಮನೆಗೆಲಸದವರಿಗೆ, ಸೆಲ್ವನಿಂದ ವಾಚ್‌ಮನ್‌ಗಳಿಗೆ, ಸಾರ್ ಫೋನಿನಿಂದ ಗ್ರೂಪಿಗೆ ಹೋದರೆ ಅರ್ಧ ಗಂಟೆಯಲ್ಲಿ ಎಂಟು ಕ್ರಾಸಿಗೂ ತಲುಪುತ್ತಿತ್ತು.

"ನಮ್ ಮುನಿಯಣ್ಣ ಕೆಮ್ಮಿದ್ರೂ ಸಾಕು ಗುರು, ಎಂಟನೇ ಕ್ರಾಸಲ್ಲಿ ಬಿಂದಿಗೆ ಕ್ಯೂ ನಿಲ್ಸ್ತಾರೆ" ಅನ್ನುತ್ತಿದ್ದ ಸೆಲ್ವ.

"ಅವನ್ ವಾಲ್ವ್‌ಗಿಂತ ನನ್ ಬಾಯಿ ದೊಡ್ಡದು ಕಣೋ" ಅನ್ನುತ್ತಿದ್ದಳು ರಂಗಮ್ಮ. "ನೀನ್ ಇಲ್ಲಿ ಒಂದ್ ಮಾತ್ ಬಿಟ್ಟೋಗು ಮುನಿಯಣ್ಣ, ಮಿಕ್ಕಿದ್ದು ನಾನ್ ನೋಡ್ಕೋತೀನಿ."

ರಂಗಮ್ಮನ ಮನೆ ಐದನೇ ಕ್ರಾಸಿನ ಕೊನೆಯ ವಠಾರದಲ್ಲಿ. ಆರು ಒಂಟಿ ಕೋಣೆಗಳು, ನಡುವೆ ಒಂದೇ ನಲ್ಲಿ. ಬೇರೆ ಮನೆಗಳಿಗೆ ಸಂಪು, ಮೇಲೆ ಟ್ಯಾಂಕು, ಅಡುಗೆಮನೆಯಲ್ಲಿ ಫಿಲ್ಟರು. ವಠಾರಕ್ಕೆ ಪೈಪಿನಲ್ಲಿ ಬಂದದ್ದು ನೇರ ಬಿಂದಿಗೆಗೆ. ಜಾಗವೂ ತಗ್ಗು. ಎಲ್ಲ ಕಡೆ ನೀರು ನಿಂತ ಮೇಲೂ ಪೈಪಿನಲ್ಲಿ ಉಳಿದದ್ದೆಲ್ಲ ಜಾರಿಕೊಂಡು ಅಲ್ಲಿಗೇ ಬರುತ್ತಿತ್ತು. ಇನ್ನೊಂದು ವಿಷಯ ನನಗೊಬ್ಬನಿಗೇ ಗೊತ್ತಿತ್ತು: ಐದನೇ ಕ್ರಾಸಿನ ವಾಲ್ವ್ ಸವೆದಿತ್ತು, ಎಷ್ಟು ಬಿಗಿದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ಬದಲಾಯಿಸಿ ಅಂತ ಎರಡು ಸಲ ಬರೆಸಿ ಕೊಟ್ಟಿದ್ದೆ. ಹೊಸದು ಬಂದಿರಲಿಲ್ಲ.

ಆ ವರ್ಷದ ಬೇಸಿಗೆ ಶಿವರಾತ್ರಿಗಿಂತ ಮುಂಚೆಯೇ ಬಂದು ಕೂತಿತು. ಬೋರುಗಳು ಒಂದೊಂದಾಗಿ ಗಾಳಿ ಉಗುಳಿದವು. ಹುಳಿಮಾವಿನ ಕಡೆಯಿಂದ ಟ್ಯಾಂಕರುಗಳು ದಿನವಿಡೀ ಗುಡುಗುಡು ಅಂತ ಬರುತ್ತಿದ್ದವು. ನಮ್ಮ ಲೈನಿಗೆ ದಿನ ಬಿಟ್ಟು ದಿನ ಎರಡೇ ಗಂಟೆ ನೀರು. ಅಂಥ ಕಾಲದಲ್ಲೇ ಐದನೇ ಕ್ರಾಸಿನ ಉದ್ದಕ್ಕೂ ಯಾವುದೋ ಕೇಬಲ್ಲಿಗೆ ಕಂದಕ ಅಗೆದರು. ಒಂದು ಕಡೆ ನೀರಿನ ಪೈಪು, ಒಂದು ಮೊಳ ಆಚೆಗೆ ಚರಂಡಿಯ ಪೈಪು, ನಡುವೆ ಇವರ ಮಿಷನ್ನು. ನಾನು ಕಂದಕದ ಅಂಚಿಗೆ ನಿಂತು ಕೂಗಾಡಿದೆ. "ಹುಷಾರಾಗೇ ಮಾಡ್ತಿದೀವಿ ಅಣ್ಣ, ನೀವ್ ಟೆನ್ಷನ್ ತಗೋಬೇಡಿ" ಅಂದ ಮಿಷನ್ನಿನವನು. ಮಣ್ಣಿನ ಬಣ್ಣ ಒಂದು ಕಡೆ ಕಪ್ಪಾಗಿತ್ತು. ಒಣಗಿದ ಬೇಸಿಗೆಯಲ್ಲಿ ಕಂದಕದ ಮಣ್ಣು ಕಪ್ಪಾಗಿ ಒದ್ದೆಯಾಗಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ.

ಸೋಮವಾರ ನೀರು ಬಿಟ್ಟಾಗ ವಠಾರದ ನಲ್ಲಿಯಲ್ಲಿ ಬೊಗಸೆ ಹಿಡಿದು ಮೂಸಿದೆ. ಕೊಳೆತ ಮೊಟ್ಟೆಯ ವಾಸನೆ, ತೆಳ್ಳಗೆ, ಇದೆಯೋ ಇಲ್ಲವೋ ಅನ್ನುವಷ್ಟು. ಅವತ್ತೇ ವಾಲ್ವ್ ಬಿಗಿದೆ. ಮರದ ಕೆಳಗೆ ಬಂದು ಹೇಳಿದೆ: "ಐದನೇ ಕ್ರಾಸಿನ ನೀರು ಕುಡೀಬೇಡಿ. ಚರಂಡಿ ಸೇರಿದೆ." ಮಾತು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಬಿ.ಟಿ.ಎಂ.ನಲ್ಲಿರುವ ನನ್ನ ಷಡ್ಡಕ ಫೋನ್ ಮಾಡಿ, "ಜೆ.ಪಿ. ನಗರದ ನೀರೆಲ್ಲ ವಿಷ ಆಗಿದ್ಯಂತೆ, ಹೌದಾ?" ಅಂದ. ನಕ್ಕೆ. ನನ್ನ ಮಾತು ಅಷ್ಟು ದೂರ ಹೋಗಿದೆಯಲ್ಲ ಅಂತ ಒಳಗೊಳಗೇ ಖುಷಿಯೂ ಆಯಿತು.

ಎರಡು ದಿನ ರಿಪೇರಿ. ಬಿರುಕು ಬಿಟ್ಟ ಜಾಯಿಂಟು ಬದಲಾಯಿಸಿದರು, ಲೈನು ತೊಳೆದರು, ಬ್ಲೀಚಿಂಗ್ ಪೌಡರ್ ಎರಚಿದರು. ಬುಧವಾರ ಮಧ್ಯಾಹ್ನ ನಾನೇ ವಠಾರದ ನಲ್ಲಿಯಿಂದ ಒಂದು ಲೋಟ ಹಿಡಿದು ಎಲ್ಲರ ಮುಂದೆ ಕುಡಿದೆ. "ನೀರು ಸರಿ ಇದೆ, ಕುಡೀರಿ" ಅಂದೆ. ಶ್ಯಾಮರಾವ್ ಸಾರ್ ನನ್ನ ಎದುರಿಗೇ ಟೈಪ್ ಮಾಡಿದರು: ಈಗ ತಾನೆ ವಾಲ್ವ್ ಮುನಿಯಣ್ಣ ಹೇಳಿದ್ದಾರೆ, ಐದನೇ ಕ್ರಾಸಿನ ನೀರು ಸರಿ ಇದೆ, ಧೈರ್ಯವಾಗಿ ಕುಡಿಯಬಹುದು. ಓದಿ ಹೇಳಿದರು. ನನ್ನ ಹೆಸರು ಬರಹದಲ್ಲಿ ಕೇಳಿ ಮೀಸೆ ಮೇಲೆ ಕೈ ಹೋಯಿತು. ಆ ಮಾತು ಅವತ್ತು ನಿಜವಾಗಿತ್ತು.

ಬುಧವಾರ ಸಂಜೆ ವರ್ಷದ ಮೊದಲ ಮಳೆ ಬಂತು. ಎಲ್ಲರೂ ಬಾಗಿಲಿಗೆ ಬಂದು ನಿಂತು ಮಣ್ಣಿನ ಘಮ ಹೀರಿಕೊಂಡರು. ನಾನು ಕಂದಕದ ಬಗ್ಗೆ ಯೋಚಿಸುತ್ತಿದ್ದೆ. ಹಸಿಯಾಗಿ ಮುಚ್ಚಿದ ಮಣ್ಣು ಒಂದು ಮಳೆಗೆ ಕುಸಿಯುತ್ತದೆ, ಕುಸಿದರೆ ಹೊಸ ಜಾಯಿಂಟನ್ನು ಎಳೆದುಕೊಂಡೇ ಕುಸಿಯುತ್ತದೆ. ಗುರುವಾರ ಬೆಳಗ್ಗೆ ಹೋಗಿ ನೋಡಿದರೆ ರಸ್ತೆಯ ಮಧ್ಯೆ ಎಮ್ಮೆ ಮಲಗಿ ಎದ್ದ ಹಾಗೆ ತಗ್ಗು. ನಲ್ಲಿಯಲ್ಲಿ ಮತ್ತೆ ಅದೇ ವಾಸನೆ, ಈ ಸಲ ತೆಳ್ಳಗಲ್ಲ. ವಾಲ್ವ್ ಬಿಗಿದೆ. ಸೀದಾ ಮರದ ಕೆಳಗೆ ಬಂದೆ.

"ಮತ್ತೆ ಹೋಯ್ತು. ಕುಡೀಬೇಡಿ" ಅಂದೆ.

"ಇದೇನಯ್ಯಾ, ನೆನ್ನೆ ಕುಡೀರಿ ಅಂದೆ, ಇವತ್ ಬೇಡ ಅಂತೀಯ. ನಾಳೆ ಏನಂತೀಯೋ!" ಅಂದಳು ರಂಗಮ್ಮ.

"ನಾಳೆ ಹಬೆ ನೀರು ಬಿಡ್ತಾನೆ, ಬಟ್ಟೆ ಇಸ್ತ್ರಿಗೆ" ಅಂದ ಸೆಲ್ವ. ಎಲ್ಲ ನಕ್ಕರು. ನನಗೆ ಮೈ ಉರಿಯಿತು. ಕೆಸರಿನಲ್ಲಿ ಮೊಣಕಾಲಿನವರೆಗೆ ನಿಂತು ಬಂದಿದ್ದೆ.

ಶುಕ್ರವಾರದ್ದನ್ನು ನಾನು ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಬುಧವಾರದ ಆ ಸಂದೇಶ ನಮ್ಮ ಗ್ರೂಪಿನಿಂದ ಹಿಂದಿನ ಅಪಾರ್ಟ್‌ಮೆಂಟಿನ ಗ್ರೂಪಿಗೆ ಹೋಗಿತ್ತು. ಅಲ್ಲಿಂದ ಯಾರದೋ ಅಕ್ಕನಿಗೆ, ಅಲ್ಲಿಂದ ಬನಶಂಕರಿಗೆ, ಅಲ್ಲಿಂದ ಇನ್ನೆಲ್ಲಿಗೋ. ಕಳಿಸಿದವರೆಲ್ಲ ಒಳ್ಳೆಯದಾಗಲಿ ಅಂತಲೇ ಕಳಿಸಿದವರು. ಗುರುವಾರದ "ಬೇಡ" ಅನ್ನುವ ಮಾತು ಅದರ ಹಿಂದೆ ಹೊರಟಿತ್ತು. ಆದರೆ ಹಿಂದೆ ಹೊರಟದ್ದು ಹಿಂದೆಯೇ ಇರುತ್ತದೆ. ಊರೆಲ್ಲ ಸುತ್ತಿ ಆ ಹಳೇ ಮಾತು ಶುಕ್ರವಾರ ಬೆಳಗ್ಗೆ ಶ್ಯಾಮರಾವ್ ಸಾರ್ ಫೋನಿಗೇ ವಾಪಸ್ಸು ಬಂತು. ಅವರೇ ಬರೆದದ್ದು, ಅಕ್ಷರ ಬದಲಾಗದೆ. ಮೊದಲಲ್ಲಿ "ಈಗ ತಾನೆ" ಅಂತಲೇ ಇತ್ತು. ಬೇರೆಯವರಿಂದ ಬಂದದ್ದರಿಂದ ಅವರು ಅದನ್ನು ಹೊಸದು ಅಂದುಕೊಂಡರು. ನಾನು ಬೇರೆ ಯಾರಿಗೋ ಹೇಳಿರಬೇಕು, ರಿಪೇರಿ ಮುಗಿದಿರಬೇಕು ಅಂತ. ಹೂವು ತಗೊಳ್ಳುತ್ತಾ ರಂಗಮ್ಮನಿಗೆ ಓದಿ ಹೇಳಿದರು.

ರಂಗಮ್ಮ ಅಷ್ಟಕ್ಕೇ ನಂಬಿದವಳಲ್ಲ. ಹಳೇ ಊರಿನವಳು. ಅವಳ ಗಂಡನ ಕಡೆಯ ಗದ್ದೆ ನಮ್ಮಪ್ಪನ ತೂಬಿನ ಕೆಳಗೇ ಇತ್ತು. ನಾನು ಹತ್ತು ಗಂಟೆಗೆ ಆ ದಾರಿಯಲ್ಲಿ ಬಂದಾಗ ಕಲ್ಲಿನಿಂದ ಎದ್ದು ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದಳು.

"ನೀರು ಸರಿಹೋಯ್ತಂತಲ್ಲ ಮುನಿಯಣ್ಣ, ಹೌದಾ?"

"ನೆನ್ನೆ ಏನ್ ಹೇಳ್ದೆ ನಿಂಗೆ?"

"ನೆನ್ನೇದು ನೆನ್ನೆಗಾಯ್ತು. ಇವತ್ತಿಂದ್ ಹೇಳು. ಫೋನಲ್ಲಿ ಈಗ ಬಂದಿದ್ಯಂತೆ."

"ಒಂದೇ ಮಾತ್ನ ದಿನಕ್ ಹತ್ ಸಲ ಹೇಳ್ಕೊಂಡ್ ತಿರುಗಕ್ಕೆ ನಾನೇನ್ ತಮಟೆ ಹೊಡೆಯೋನಾ? ಫೋನನ್ನೇ ಕೇಳ್ಕೋ ಹೋಗು."

ಹ್ಯಾಂಡಲ್ ಕಿತ್ತುಕೊಂಡು ಹೊರಟೆ. ಕಂದಕದ ಹತ್ತಿರ ರಿಪೇರಿಯವರು ಕಾಯುತ್ತಿದ್ದರು. ಎರಡು ಪದ ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು? "ಕುಡೀಬೇಡ ರಂಗಮ್ಮ." ಸೈಕಲ್ಲಿನ ಮೇಲೆ ಕೂತೇ ಹೇಳಬಹುದಿತ್ತು. ತಿರುಗಿ ನೋಡಿದಾಗ ಅವಳು ಇನ್ನೂ ಅಲ್ಲೇ ನಿಂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಬುಟ್ಟಿಯ ಹೂವಿಗೆ ನೀರು ಚಿಮುಕಿಸಲು ತಂಬಿಗೆ ಎತ್ತಿದಳು. ಆ ತಂಬಿಗೆಯ ನೀರೂ ವಠಾರದ ನಲ್ಲಿಯದ್ದೇ ಅಂತ ನನಗೆ ಆಗ ಹೊಳೆಯಲಿಲ್ಲ.

ಅವತ್ತು ಮಧ್ಯಾಹ್ನ ವಠಾರದ ನಲ್ಲಿಯಲ್ಲಿ ದಾರದಷ್ಟು ಸಣ್ಣಗೆ ನೀರು ಬರುತ್ತಿತ್ತಂತೆ. ಸವೆದ ವಾಲ್ವಿನಿಂದ ಜಾರಿದ ನೀರು, ದಾರಿಯಲ್ಲಿ ಚರಂಡಿಯನ್ನೂ ಕರೆದುಕೊಂಡು ಬಂದದ್ದು. ಬಣ್ಣ ತಿಳಿಯಾಗೇ ಇತ್ತಂತೆ.

ಶನಿವಾರ ಬೆಳಗ್ಗೆ ಮರದ ಕೆಳಗೆ ಕಲ್ಲು ಖಾಲಿ.

"ರಂಗಮ್ಮ ಎಲ್ಲಿ?" ಅಂದೆ.

"ಬಂದಿಲ್ಲ. ಮದುವೆಗಿದುವೆ ಆರ್ಡರ್ ಇರ್ಬೇಕು" ಅಂದ ಸೆಲ್ವ. ಅವನ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಹೋಗಿ ಬರುತ್ತಲೇ ಇತ್ತು. ನಾನು ಆ ಕಲ್ಲನ್ನೇ ನೋಡುತ್ತಿದ್ದೆ. ಅದರ ಮೇಲೆ ಹಿಂದಿನ ದಿನದ ಎರಡು ಮಲ್ಲಿಗೆ ಮೊಗ್ಗು ಕಂದಿ ಅಂಟಿಕೊಂಡಿದ್ದವು. ಹಬ್ಬಕ್ಕೂ ಜ್ವರಕ್ಕೂ ಸಾವಿಗೂ ಆ ಕಲ್ಲು ಬಿಡದ ಹೆಂಗಸು. ಸೈಕಲ್ ಅಲ್ಲೇ ಬಿಟ್ಟು ವಠಾರಕ್ಕೆ ನಡೆದೆ. ಓಡಲು ಧೈರ್ಯವಾಗಲಿಲ್ಲ.

ಆರು ಮನೆಯಲ್ಲಿ ನಾಲ್ಕು ಮನೆಯವರು ಮಲಗಿದ್ದರು. ವಾಂತಿ, ಭೇದಿ. ರಂಗಮ್ಮನ ಮಗಳು ಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ರಂಗಮ್ಮ ಗೋಡೆಗೆ ಮುಖ ಮಾಡಿ ಮುದುಡಿದ್ದಳು, ಕಣ್ಣು ಗುಳಿ ಬಿದ್ದಿತ್ತು. ಬೆಳ್ಳಗೆ ಒಣಗಿದ ತುಟಿ.

"ಆಟೋ ತರ್ಸಿದೀನಿ ಅಣ್ಣ" ಅಂದಳು ಲಕ್ಷ್ಮಿ. "ನಾನು ಬೇಡಮ್ಮ, ಕಾಯ್ಸಿ ಕುಡಿ ಅಂದೆ. 'ಮುನಿಯಣ್ಣ ಹೇಳವ್ನಂತೆ, ಅವನ್ ಮಾತ್ ಸುಳ್ಳಾಗಲ್ಲ' ಅಂತು."

ಅವಳು ಅದನ್ನು ನನ್ನ ಮೇಲೆ ತಪ್ಪು ಹೊರಿಸಲು ಹೇಳಲಿಲ್ಲ. ಅದಕ್ಕೇ ಇವತ್ತಿಗೂ ಕಿವಿಯಲ್ಲಿದೆ.

ನಾನೂ ಸೆಲ್ವನೂ ಸೇರಿ ರಂಗಮ್ಮನನ್ನು ಎತ್ತಿ ಆಟೋದಲ್ಲಿ ಕೂರಿಸಿದೆವು. ತೂಕವೇ ಇರಲಿಲ್ಲ. ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದಳು, ಆಗಲಿಲ್ಲ. ಊರಿಗೆಲ್ಲ ಸುದ್ದಿ ಹಂಚಿದ ಬಾಯಿ. ಸೋಮವಾರ ಆಸ್ಪತ್ರೆಯಲ್ಲಿ ಹೋದಳು. ವಯಸ್ಸಾಗಿತ್ತು, ಕಿಡ್ನಿ ತಡೆಯಲಿಲ್ಲ ಅಂದರು. ವಠಾರದ ಮಿಕ್ಕವರೆಲ್ಲ ಎದ್ದು ಬಂದರು.

ವಿಲ್ಸನ್ ಗಾರ್ಡನ್ನಿನ ಚಿತಾಗಾರದಿಂದ ಬಂದ ಮೇಲೆ ಶ್ಯಾಮರಾವ್ ಸಾರ್ ನಮ್ಮ ಮನೆಗೆ ಬಂದರು. ಅದುವರೆಗೆ ಒಂದು ದಿನವೂ ಬಂದವರಲ್ಲ. ಫೋನ್ ತೆಗೆದು ನನ್ನ ಮುಂದೆ ಇಟ್ಟರು. "ಇದು ನಾನು ಬರೆದಿದ್ದು ಮುನಿಯಣ್ಣ. ನಾನು ಬರೆದಿದ್ದೇ ನನಗೆ ಗುರುತು ಸಿಗಲಿಲ್ಲ" ಅಂದರು. ನೀವು ಓದಿಯಾದರೂ ಹೇಳಿದಿರಿ, ಅವಳು ಬಂದು ಕೇಳಿದರೂ ನಾನು ಹೇಳಲಿಲ್ಲ ಸಾರ್ ಅನ್ನಬೇಕು ಅಂದುಕೊಂಡೆ. ಹ್ಯಾಂಡಲ್ ಹಿಡಿದು ಕೇಳಿದಳು ಅನ್ನುವುದನ್ನು ಅವರಿಗೆ ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಮಾರನೇ ದಿನದಿಂದ ನಾನು ಒಂದು ಕೆಲಸ ಹಿಡಿದೆ. ನಾಲ್ಕನೇ ಕ್ರಾಸಿನ ಒಂದು ಮನೆಯ ಕಾಂಪೌಂಡಿನಲ್ಲಿ ನುಗ್ಗೆ ಮರ ಇತ್ತು. ದಿನಾ ಬೆಳಗ್ಗೆ ಅದರಿಂದ ಕಡ್ಡಿ ಮುರಿದುಕೊಂಡು, ಪ್ರತಿ ಕ್ರಾಸಿನ ಮೊದಲ ನಲ್ಲಿಯ, ಐದನೇ ಕ್ರಾಸಿನಲ್ಲಿ ವಠಾರದ ನಲ್ಲಿಯ ನೀರು ಮೂಸಿ, ಸರಿ ಇದ್ದರೆ ಆ ನಲ್ಲಿಗೆ ದಾರದಲ್ಲಿ ಒಂದು ಕಡ್ಡಿ ಕಟ್ಟುತ್ತಿದ್ದೆ. ಸೊಪ್ಪು ನೆಟ್ಟಗಿದ್ದರೆ ಕುಡಿಯಿರಿ. ಜೋತು ಬಿದ್ದಿದ್ದರೆ, ಯಾರು ಏನೇ ಹೇಳಿದರೂ, ನನ್ನನ್ನು ಕರೆದು ಕೇಳಿ. ಮೊದಲು ಯಾವುದೋ ಹರಕೆ ಅಂದುಕೊಂಡು ಅರಿಶಿನ ಕುಂಕುಮ ಹಚ್ಚಿದರು. ಆಮೇಲೆ ಅರ್ಥವಾಯಿತು. "ಸೊಪ್ಪು ನೋಡ್ದ್ರಾ?" ಅನ್ನುವುದು ಲೇಔಟಿನಲ್ಲಿ ಮಾತಾಯಿತು. ಸಾರ್ ಗ್ರೂಪಿನಲ್ಲಿ ಏನು ಬರೆದರೂ ವಾರ, ಗಂಟೆ ಹಾಕಿಯೇ ಬರೆಯತೊಡಗಿದರು. ದಿನಕ್ಕೆ ಹತ್ತು ಸಲ ಅಲ್ಲ, ಇಪ್ಪತ್ತು ಸಲ ಕೇಳಿದರು. ಇಪ್ಪತ್ತು ಸಲವೂ ಹೇಳಿದೆ. ಮಳೆಗಾಲ ಮುಗಿಯುವವರೆಗೂ ಹಾಗೇ ನಡೆಯಿತು. ಆಮೇಲೆ ಗುತ್ತಿಗೆ ಬದಲಾಗಿ ಬೇರೆಯವನು ಬಂದ. ಅವನಿಗೆ ಕೀಲಿಯ ಜೊತೆ ಕಡ್ಡಿಯ ವಿಷಯವನ್ನೂ ಒಪ್ಪಿಸಿದೆ. "ಸಖತ್ ಐಡಿಯಾ ಅಣ್ಣ" ಅಂತ ನಕ್ಕ.

ಹೋದ ವಾರ ಗಾಡಿ ನಿಲ್ಲಿಸಿ ವಠಾರದ ಒಳಗೆ ಹೋದೆ. ಲಕ್ಷ್ಮಿ ಮದುವೆಯಾಗಿ ಬೇಗೂರಿಗೆ ಹೋಗಿದ್ದಾಳೆ, ಬಾಡಿಗೆಗೆ ಇರುವವರೆಲ್ಲ ಹೊಸಬರು. ನಲ್ಲಿಯ ಕತ್ತಿಗೆ ಕಪ್ಪಾದ ಒಂದು ದಾರ ಇನ್ನೂ ಕಟ್ಟಿಕೊಂಡಿದೆ. ಕಡ್ಡಿ ಇಲ್ಲ. ಒಬ್ಬ ಹೆಂಗಸು ಬಿಂದಿಗೆ ಇಟ್ಟು ನೀರು ಹಿಡಿಯುತ್ತಿದ್ದಳು, ಸಣ್ಣ ದಾರದಷ್ಟು ನೀರು. ಬೊಗಸೆ ಒಡ್ಡಿ ಮೂಸಿದೆ. ಬ್ಲೀಚಿಂಗ್ ಪೌಡರ್. ಅದರ ಅಡಿಯಲ್ಲಿ, ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ, ಅದು.

"ಇದನ್ನ ಕುಡೀಬೇಡಿ ಅಮ್ಮ" ಅಂದೆ.

"ಸರಿ ಇದ್ಯಂತೆ ಅಂಕಲ್. ಬೆಳಗ್ಗೆ ಮೆಸೇಜ್ ಬಂತು. ವಾಲ್ವ್ ಮುನಿಯಣ್ಣ ಅಂತ ಯಾರೋ ಇದಾರಂತೆ, ಅವರೇ ಹೇಳಿದಾರಂತೆ" ಅಂದಳು. ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೋರಿಸಿದಳು. ಅಕ್ಷರ ಬದಲಾಗಿರಲಿಲ್ಲ. ಮೊದಲಲ್ಲಿ "ಈಗ ತಾನೆ" ಅಂತಲೇ ಇತ್ತು.

"ಆ ಮುನಿಯಣ್ಣ ನಾನೇ" ಅಂದೆ. "ಅದು ತುಂಬಾ ಹಿಂದೆ ಹೇಳಿದ್ದು. ಈಗ ಹೇಳ್ತಿದೀನಿ, ಬೇಡ."

ಅವಳು ನನ್ನನ್ನು ನೋಡಿದಳು, ಗ್ರೀಸು ಹತ್ತಿದ ಅಂಗಿ ನೋಡಿದಳು, ಫೋನ್ ನೋಡಿದಳು. "ಇದ್ರಲ್ಲಿ ಬಂದಿದ್ಯಲ್ಲ ಅಂಕಲ್" ಅಂದಳು. ಬಿಂದಿಗೆ ತುಂಬುತ್ತಲೇ ಇತ್ತು.

ನಾನು ನಲ್ಲಿ ತಿರುಗಿಸಿ ನಿಲ್ಲಿಸಿ, ಅದರ ಮುಂದೆ ಕಟ್ಟೆಯ ಮೇಲೆ ಕೂತೆ. ಕೂತುಕೊಂಡೇ ನೀರಿನ ಕಚೇರಿಗೂ ಈಗಿನ ವಾಲ್ವಿನವನಿಗೂ ಫೋನ್ ಮಾಡಿದೆ. ಬರುತ್ತೇವೆ ಅಂದರು. ಬಿಂದಿಗೆ ಹಿಡಿದು ಬಂದವರಿಗೆಲ್ಲ ಹೇಳಿದೆ. ಒಬ್ಬರು ಬೈದರು, ಒಬ್ಬರು ಕುಡಿದಿದ್ದಾನೆ ಅಂದರು. ಮತ್ತೆ ಹೇಳಿದೆ. ಹತ್ತು ಸಲ ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಎದುರು ಮನೆಯ ಕಿಟಕಿಯಲ್ಲಿ ಯಾರದೋ ಫೋನು ಟಿಣ್ ಅಂದಿತು. ಪಕ್ಕದ ಮನೆಯಲ್ಲೂ ಅಂದಿತು. ಮೊದಲ ಹೆಂಗಸು ಆಗಲೇ ಬಿಂದಿಗೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿದ್ದಳು. ಒಳಗೆ ಅವಳು ಬಿಂದಿಗೆಯಿಂದ ಲೋಟಕ್ಕೆ ನೀರು ಬಗ್ಗಿಸುವ ಸದ್ದು ಕೇಳಿಸಿತು. ಎದ್ದು ಹೋಗಿ ಬಾಗಿಲು ಬಡಿದೆ.